ಕಪ್ಪು ಬೇರೆ, ಟಿಕೆಟ್ಟು ಬೇರೆ

2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ನಮ್ಮ ಮನೆಯ ಟೀವಿಗೂ ‘ಬೆಂಗಳೂರು ಬ್ರೇವ್‌ಹಾರ್ಟ್ಸ್’ ಎಂಬ ತಂಡ ಬಂತು. ಹೆಸರಲ್ಲಿ ಬೆಂಗಳೂರು ಇದೆ ಎಂಬ ಒಂದೇ ಕಾರಣಕ್ಕೆ ನನ್ನ ಭಾವಮೈದುನ ಕೋಡುಬಳೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮೊದಲ ಪಂದ್ಯದಲ್ಲಿ ‘ಚೆಂಡನ್ನು ಯಾಕೆ ಹಿಂದಕ್ಕೇ ಎಸೀತಾರೆ?’ ಎಂದು ಕೇಳಿದವನು ಮೂರನೆಯ ಪಂದ್ಯದ ಹೊತ್ತಿಗೆ ಪಂಡಿತನಾಗಿದ್ದ. ಮಾತು ಒಲಿಂಪಿಕ್ಸ್ ಕಡೆ ಹೊರಳಿತು. ‘ಭಾವ, ಸೌತ್ ಆಫ್ರಿಕಾದವರು ವರ್ಲ್ಡ್ ಚಾಂಪಿಯನ್ಸು. ಅವರು ಸೀದಾ ಒಲಿಂಪಿಕ್ಸ್‌ಗೆ. ಕ್ವಾಲಿಫಿಕೇಶನ್ ಗಿಲಿಫಿಕೇಶನ್ ಎಲ್ಲ ನಮ್ಮಂಥವರಿಗೆ’ ಅಂದ.

ಈ ಮಾತನ್ನು ನಾನು ಅವನೊಬ್ಬನ ಬಾಯಲ್ಲಿ ಕೇಳಿದ್ದರೆ ಸುಮ್ಮನಿರುತ್ತಿದ್ದೆ. ಆಫೀಸಿನಲ್ಲಿ ಕೇಳಿದ್ದೇನೆ, ವಾಕಿಂಗ್ ಗೆಳೆಯರಿಂದ ಕೇಳಿದ್ದೇನೆ, ಕ್ರೀಡಾಪುಟದಲ್ಲಿ ಓದಿಯೂ ಇದ್ದೇನೆ. ಗೆದ್ದವರಿಗೆ ಟಿಕೆಟ್ ತಾನಾಗಿಯೇ ಸಿಗುತ್ತದೆ, ಬಲಿಷ್ಠರಿಗೆ ಬಾಗಿಲು ತೆರೆದೇ ಇರುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ, ಇಲ್ಲ ಎಂದು ಹೇಳಿದವನೇ ಪೆದ್ದನಾಗುತ್ತಾನೆ. ಅದರಲ್ಲೂ ಉದಾಹರಣೆಗೆ ದಕ್ಷಿಣ ಆಫ್ರಿಕಾವನ್ನೇ ಹಿಡಿದು ತರುತ್ತಾರಲ್ಲ, ಅದು ನನ್ನ ಹೊಟ್ಟೆ ಉರಿಸುವ ಸಂಗತಿ. ಇಡೀ ಭೂಮಂಡಲದಲ್ಲಿ ಆ ಮಾತಿಗೆ ಇದಕ್ಕಿಂತ ಕೆಟ್ಟ ಉದಾಹರಣೆ ಸಿಗುವುದಿಲ್ಲ.

ಯಾಕೆಂದರೆ ದಕ್ಷಿಣ ಆಫ್ರಿಕಾ ವಿಶ್ವಕಪ್ ಗೆದ್ದದ್ದು 2023ರ ಅಕ್ಟೋಬರ್ 28ರಂದು, ಪ್ಯಾರಿಸ್ ಬಳಿಯ ಸ್ಟಾದ್ ದ ಫ್ರಾನ್ಸ್ ಅಂಗಳದಲ್ಲಿ, ನ್ಯೂಜಿಲೆಂಡ್ ವಿರುದ್ಧ 12–11ರಿಂದ. ಅದು ಹದಿನೈದು ಜನರ ರಗ್ಬಿ. ಒಲಿಂಪಿಕ್ಸ್‌ನಲ್ಲಿರುವುದು ಏಳು ಜನರ ಸೆವೆನ್ಸ್. ತಂಡ ಬೇರೆ, ತರಬೇತುದಾರ ಬೇರೆ, ಕ್ಯಾಲೆಂಡರೇ ಬೇರೆ. ಹದಿನೈದರ ವೀರರು ಆ ರಾತ್ರಿ ಕಪ್ ಎತ್ತಿ ಕುಣಿಯುತ್ತಿದ್ದಾಗ, ಅದೇ ದೇಶದ ಸೆವೆನ್ಸ್ ತಂಡದ ಕೈಯಲ್ಲಿ ಅದೇ ಅಂಗಳದಲ್ಲಿ ನಡೆಯಬೇಕಿದ್ದ 2024ರ ಒಲಿಂಪಿಕ್ಸ್‌ಗೆ ಟಿಕೆಟ್ ಇರಲಿಲ್ಲ. ಒಂದು ಬಾಗಿಲಲ್ಲ, ಎರಡು ಬಾಗಿಲು ಅಷ್ಟರಲ್ಲಿ ಮುಚ್ಚಿಹೋಗಿದ್ದವು.

ಬಾಗಿಲುಗಳ ಲೆಕ್ಕ ಹೀಗಿತ್ತು. ಪ್ಯಾರಿಸ್‌ನಲ್ಲಿ ಪುರುಷರಿಗೆ 12 ಸ್ಥಾನ, ಮಹಿಳೆಯರಿಗೆ 12. ಒಂದು ಆತಿಥೇಯ ಫ್ರಾನ್ಸ್‌ಗೆ. ನಾಲ್ಕು, 2022–23ರ ವಿಶ್ವ ಸೆವೆನ್ಸ್ ಸರಣಿಯಲ್ಲಿ ಮುಂದಿದ್ದ ತಂಡಗಳಿಗೆ. ಈ ಸರಣಿ ಒಂದು ಕಪ್ ಅಲ್ಲ, ಊರೂರು ಸುತ್ತಿ ತಿಂಗಳುಗಟ್ಟಲೆ ಅಂಕ ಕೂಡಿಸುವ ವ್ಯವಹಾರ. ಆಮೇಲೆ ಆರು ಭೂಭಾಗಗಳಿಗೆ, ಅಂದರೆ ಆಫ್ರಿಕಾ, ಏಷ್ಯಾ, ಯುರೋಪ್, ಓಷಿಯಾನಿಯಾ, ಉತ್ತರ ಮತ್ತು ದಕ್ಷಿಣ ಅಮೆರಿಕಗಳಿಗೆ, ತಲಾ ಒಂದೇ ಒಂದು. ಉಳಿದ ಹನ್ನೆರಡನೆಯದು, ಇಷ್ಟರಲ್ಲೆಲ್ಲ ಎಡವಿದವರು ಮತ್ತೆ ಸೇರಿ ಕಿತ್ತಾಡುವ ಕೊನೆಯ ಟೂರ್ನಿಗೆ, ಅಂದರೆ ರೆಪೆಚೇಜ್‌ಗೆ.

ಸರಣಿಯ ನಾಲ್ಕು ಸ್ಥಾನ ನ್ಯೂಜಿಲೆಂಡ್, ಅರ್ಜೆಂಟೀನಾ, ಫಿಜಿ ಮತ್ತು ಆಸ್ಟ್ರೇಲಿಯಾ ಪಾಲಾದವು. ದಕ್ಷಿಣ ಆಫ್ರಿಕಾ ಅಲ್ಲಿ ಮುಟ್ಟಲಿಲ್ಲ. ಮುಂದೆ ಸೆಪ್ಟೆಂಬರ್‌ನಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಆಫ್ರಿಕಾದ ಅರ್ಹತಾ ಟೂರ್ನಿ. ಫೈನಲ್‌ನಲ್ಲಿ ಎದುರಾಳಿ ಕೆನ್ಯಾ. ಹದಿನೈದರ ರಗ್ಬಿಯಲ್ಲಿ 2023ರವರೆಗೆ ಒಂದೇ ಒಂದು ವಿಶ್ವಕಪ್‌ಗೂ ಕಾಲಿಡದ ದೇಶ ಅದು. ಕೆನ್ಯಾ ಗೆದ್ದಿತು. ಬಾಗಿಲು ಎರಡೂ ಹೋದವು.

ಈಗ ನೋಡಿ ತಮಾಷೆ. ಡಿಸೆಂಬರ್‌ನಲ್ಲಿ ಇದೇ ದಕ್ಷಿಣ ಆಫ್ರಿಕಾ ತಂಡ ದುಬೈ ಸೆವೆನ್ಸ್ ಗೆದ್ದಿತು, ಜಗತ್ತಿನ ಘಟಾನುಘಟಿಗಳೆಲ್ಲ ಆಡುವ ಟೂರ್ನಿಯನ್ನು. ನನ್ನ ಭಾವಮೈದುನನ ಶಾಸ್ತ್ರದ ಪ್ರಕಾರ ಅಲ್ಲೇ ಪ್ಯಾರಿಸ್ ವಿಮಾನ ಹತ್ತಿಸಬೇಕಿತ್ತು. ದುಬೈಯಲ್ಲಿ ಸಿಕ್ಕಿದ್ದು ಕಪ್ಪು ಮಾತ್ರ. ಒಲಿಂಪಿಕ್ಸ್‌ಗೆ ಇನ್ನೊಂದು ತಿಂಗಳಷ್ಟೇ ಉಳಿದಿದ್ದಾಗ, 2024ರ ಜೂನ್‌ನಲ್ಲಿ, ಮೊನಾಕೊದಲ್ಲಿ ನಡೆದ ಕೊನೆಯ ಟೂರ್ನಿಗೆ ಅವರು ಹೋಗಿ ಸಾಲಿನಲ್ಲಿ ನಿಲ್ಲಬೇಕಾಯಿತು. ಹನ್ನೆರಡು ತಂಡ, ಒಂದು ಟಿಕೆಟ್. ಫೈನಲ್‌ನಲ್ಲಿ ಗ್ರೇಟ್ ಬ್ರಿಟನ್ ತಂಡವನ್ನು ಸೋಲಿಸಿ ಹನ್ನೆರಡನೆಯವರಾಗಿ ಒಳಗೆ ನುಸುಳಿದರು.

ಹಿಂಬಾಗಿಲಿನಿಂದ ಬಂದವರು ಅಲ್ಲಿ ಏನು ಮಾಡಿಯಾರು ಎಂದು ಕೇಳುವವರೂ ಇದ್ದಾರೆ. ಅವರು ಮಾಡಿದ್ದು ಇಷ್ಟು: ಗುಂಪಿನಲ್ಲಿ ಐರ್ಲೆಂಡ್‌ಗೆ ಸೋತರು, ನ್ಯೂಜಿಲೆಂಡ್‌ಗೆ ಸೋತರು, ಜಪಾನನ್ನು ಚಚ್ಚಿ ಮೂರನೆಯ ಸ್ಥಾನದಲ್ಲಿದ್ದೂ ಎಂಟರ ಘಟ್ಟಕ್ಕೆ ದಾಟಿದರು, ಅಲ್ಲಿ ಅದೇ ನ್ಯೂಜಿಲೆಂಡನ್ನು 14–7ರಿಂದ ಮನೆಗೆ ಕಳಿಸಿದರು, ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ಗೆ ಸೋತು, ಆಸ್ಟ್ರೇಲಿಯಾವನ್ನು 26–19ರಿಂದ ಮಣಿಸಿ ಕಂಚು ಕೊರಳಿಗೆ ಹಾಕಿಕೊಂಡರು. ರೆಪೆಚೇಜ್ ಎಂದರೆ ಭಿಕ್ಷೆ ಎಂದುಕೊಂಡವರು 2016ರಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಕಂಚು ಗೆದ್ದದ್ದು ಯಾವ ದಾರಿಯಲ್ಲಿ ಎಂಬುದನ್ನು ನೆನಪಿಸಿಕೊಳ್ಳಬೇಕು. ಕುಸ್ತಿಯಲ್ಲಾದರೋ ನಿಮ್ಮನ್ನು ಸೋಲಿಸಿದವರು ಫೈನಲ್ ತಲುಪಿದರೆ ಮಾತ್ರ ಆ ಅವಕಾಶ. ಸೆವೆನ್ಸ್‌ನಲ್ಲಿ ಅದು ಬೇರೆಯೇ ಊರಿನ ಬೇರೆಯೇ ಟೂರ್ನಿ, ಯಾರ ಗೆಲುವಿಗೂ ಹರಕೆ ಹೊರಬೇಕಾಗಿಲ್ಲ.

‘ಅದು ಹದಿನೈದರ ವಿಶ್ವಕಪ್ ಬಿಡಿ, ಸೆವೆನ್ಸ್‌ಗೇ ವಿಶ್ವಕಪ್ ಇದೆಯಲ್ಲ’ ಎಂದು ಒಬ್ಬರು ಜಾಣತನ ತೋರಿದರು. ಇತ್ತು. 1993ರಲ್ಲಿ ಎಡಿನ್‌ಬರೋದಲ್ಲಿ ಶುರುವಾಯಿತು, 2022ರಲ್ಲಿ ಕೇಪ್‌ಟೌನ್‌ನಲ್ಲಿ ಫಿಜಿ ಗೆದ್ದಿತು. ಆ ಗೆಲುವಿಗೂ ಪ್ಯಾರಿಸ್ ಟಿಕೆಟ್ ಬರಲಿಲ್ಲ, ಫಿಜಿ ತನ್ನ ಟಿಕೆಟ್ ಸಂಪಾದಿಸಿದ್ದು ಸರಣಿಯಲ್ಲಿ ಬೆವರು ಸುರಿಸಿ. ಏಷ್ಯನ್ ಗೇಮ್ಸ್? 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌನಲ್ಲಿ ಪುರುಷರ ಚಿನ್ನ ಹಾಂಗ್‌ಕಾಂಗ್‌ಗೆ, ಮಹಿಳೆಯರ ಚಿನ್ನ ಚೀನಾಗೆ. ಎರಡೇ ತಿಂಗಳಿಗೆ ಒಸಾಕಾದಲ್ಲಿ ನಡೆದ ಅರ್ಹತಾ ಟೂರ್ನಿಯಲ್ಲಿ ಎರಡೂ ಟಿಕೆಟ್ ಜಪಾನ್ ಕಿಸೆಗೆ. ಚೀನಾದ ಹುಡುಗಿಯರು ಕೊನೆಗೆ ಮೊನಾಕೊಗೆ ಹೋಗಿ ಗೆದ್ದು ಬರಬೇಕಾಯಿತು. ಹಾಂಗ್‌ಕಾಂಗ್ ಗಂಡಸರು ಚಿನ್ನವನ್ನು ಕಪಾಟಿನಲ್ಲಿಟ್ಟು ಒಲಿಂಪಿಕ್ಸನ್ನು ಟೀವಿಯಲ್ಲಿ ನೋಡಿದರು.

ಇವೆಲ್ಲದಕ್ಕಿಂತ ನನಗೆ ಹೆಚ್ಚು ಕಾಡುವುದು ಸಮೋವಾದ ಕಥೆ. 2016ರ ಮೇ ತಿಂಗಳಲ್ಲಿ ಅವರು ಪ್ಯಾರಿಸ್ ಸೆವೆನ್ಸ್ ಫೈನಲ್‌ನಲ್ಲಿ ಫಿಜಿಯನ್ನು 29–26ರಿಂದ ಸೋಲಿಸಿದರು. ಜೂನ್‌ನಲ್ಲಿ ಮೊನಾಕೊದ ಕೊನೆಯ ಟೂರ್ನಿಯ ಫೈನಲ್. ಎದುರಿಗೆ ಸ್ಪೇನ್, ಆ ವರ್ಷದ ವಿಶ್ವ ಸರಣಿಯ ಕಾಯಂ ತಂಡಗಳ ಪಟ್ಟಿಯಲ್ಲೂ ಇಲ್ಲದ ತಂಡ. 22–19, ಗೆದ್ದದ್ದು ಸ್ಪೇನ್. ಆಗಸ್ಟ್‌ನಲ್ಲಿ ರಿಯೊದಲ್ಲಿ ಫಿಜಿ ಗ್ರೇಟ್ ಬ್ರಿಟನ್ ತಂಡವನ್ನು 43–7ರಿಂದ ಉಡಾಯಿಸಿ ತನ್ನ ಚರಿತ್ರೆಯ ಮೊದಲ ಒಲಿಂಪಿಕ್ ಪದಕವನ್ನು, ಅದೂ ಚಿನ್ನವನ್ನು, ಗೆದ್ದಿತು. ಸುಮಾರು ಒಂಬತ್ತು ಲಕ್ಷ ಜನರ ಆ ದೇಶ ಸಂಭ್ರಮಕ್ಕೆ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿತು: ಒಂದು ಮಗ್ಗುಲಲ್ಲಿ ಚೆಂಡು ಹಿಡಿದ ನಾಯಕ ಒಸಿಯಾ ಕೊಲಿನಿಸಾವ್, ಇನ್ನೊಂದರಲ್ಲಿ ತಂಡ ಮತ್ತು ತರಬೇತುದಾರ ಬೆನ್ ರಯಾನ್. ಮೂರು ತಿಂಗಳ ಹಿಂದೆ ಆ ನೋಟಿನ ಮೇಲಿನವರನ್ನು ಸೋಲಿಸಿದ್ದ ಸಮೋವಾದವರು ಮನೆಯಲ್ಲಿದ್ದರು. ಆತಿಥೇಯ ಎಂಬ ಕಾರಣಕ್ಕೆ ಆಡಿದ ಬ್ರೆಜಿಲ್ ಹನ್ನೆರಡರಲ್ಲಿ ಹನ್ನೆರಡನೆಯದಾಯಿತು. ಇದು ಅನ್ಯಾಯವೇ? ಇರಬಹುದು. ಆದರೆ ಒಲಿಂಪಿಕ್ಸ್ ಜಗತ್ತಿನ ಹನ್ನೆರಡು ಅತ್ಯುತ್ತಮ ತಂಡಗಳ ಮೇಳ ಎಂದು ಆ ನಿಯಮ ಬರೆದವರು ಯಾವತ್ತೂ ಹೇಳಿಕೊಂಡಿಲ್ಲ. ಹೇಳಿದವರು ನಾವು.

ನನಗೆ ಅರ್ಥವಾಗದ್ದು, ಇದನ್ನು ನಂಬಲಾಗದು ಎನ್ನುವವರು ಕನ್ನಡನಾಡಿನವರಾಗಿರುವುದು. ಸಿಇಟಿ ಸೀಟಿನ ಲೆಕ್ಕಾಚಾರವನ್ನು ಅರೆನಿದ್ದೆಯಲ್ಲೂ ಒಪ್ಪಿಸಬಲ್ಲ ಜನ ನಾವು. ಇದೇ ಭಾವಮೈದುನ ಮಗಳ ಆಪ್ಷನ್ ಎಂಟ್ರಿ ಮಾಡಿಸುವಾಗ ಗ್ರಾಮೀಣ ಕೋಟಾ ಎಷ್ಟು, ಕನ್ನಡ ಮಾಧ್ಯಮಕ್ಕೆ ಎಷ್ಟು, ಕಲ್ಯಾಣ ಕರ್ನಾಟಕದ 371 ಜೆ ಎಷ್ಟು, ಯಾವ ಸುತ್ತಿನಲ್ಲಿ ಯಾವುದು ಉಳಿದೀತು ಎಂದು ಮೂರು ರಾತ್ರಿ ಪಟ್ಟಿ ಬರೆದವನು. ಮೇಲಿನ ರ‍್ಯಾಂಕಿನವರಿಗೆ ತಪ್ಪಿದ್ದು ಕೆಳಗಿನವರಿಗೆ ಸಿಗುವುದು ಹೇಗೆಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆರು ಭೂಭಾಗಕ್ಕೆ ಆರು ಸೀಟು ಎಂದರೆ ಮಾತ್ರ ‘ಹಂಗೆಲ್ಲ ಇರಲ್ಲ ಭಾವ’ ಅನ್ನುತ್ತಾನೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಖರ್ಚು ಮಾಡುವ ಮನಸ್ಸಿಲ್ಲ. ರಿಯೊದಲ್ಲಿ ಬೆಳ್ಳಿ ಗೆದ್ದದ್ದು ಇಂಗ್ಲೆಂಡ್ ಅಲ್ಲ, ಗ್ರೇಟ್ ಬ್ರಿಟನ್. ಆದರೆ ಆ ಸ್ಥಾನ ತಂದುಕೊಟ್ಟದ್ದು 2014–15ರ ಸರಣಿಯಲ್ಲಿ ನಾಲ್ಕನೆಯದಾದ ಇಂಗ್ಲೆಂಡೇ. ಸ್ಕಾಟ್ಲೆಂಡಿನವರೂ ವೇಲ್ಸಿನವರೂ ಜನ್ಮದಲ್ಲಿ ಮೊದಲ ಸಲ ಇಂಗ್ಲೆಂಡ್ ಗೆಲ್ಲಲಿ ಎಂದು ಹಾರೈಸಬೇಕಾಗಿ ಬಂದ ವರ್ಷ ಅದು. ರಗ್ಬಿ ಒಲಿಂಪಿಕ್ಸ್‌ಗೆ ಬಂದದ್ದು 2016ರಲ್ಲಿ ಎಂಬುದೂ ಅರ್ಧ ಸತ್ಯ. ಹದಿನೈದರ ಆಟ 1900ರಿಂದ 1924ರ ನಡುವೆ ನಾಲ್ಕು ಸಲ ಇತ್ತು, ಕೊನೆಯ ಚಿನ್ನ ಅಮೆರಿಕದ್ದು. ಸೆವೆನ್ಸ್ ಎಂದರೆ ರಗ್ಬಿಯ ಟಿ20, ದುಡ್ಡಿಗಾಗಿ ಮೊನ್ನೆ ಮೊನ್ನೆ ಹುಟ್ಟಿಸಿದ್ದು ಎನ್ನುವವರಿಗೆ: ಹುಟ್ಟಿದ್ದು 1883ರಲ್ಲಿ, ಸ್ಕಾಟ್ಲೆಂಡಿನ ಮೆಲ್ರೋಸ್‌ನಲ್ಲಿ, ನೆಡ್ ಹೇಗ್ ಎಂಬ ಕಟುಕನ ತಲೆಯಲ್ಲಿ. (ಕ್ಲಬ್ಬಿಗೆ ದುಡ್ಡು ಬೇಕಾಗಿತ್ತು ಎಂಬುದು ನಿಜ, ಅಷ್ಟು ಮಾತ್ರ ಒಪ್ಪಿಕೊಳ್ಳುತ್ತೇನೆ.) ಹದಿನಾಲ್ಕೇ ನಿಮಿಷದ ಆಟಕ್ಕೆ ಏನು ಸುಸ್ತು ಎಂದು ಕೇಳುವವರು ಮೂವತ್ತು ಜನ ಆಡುವ ಪೂರ್ತಿ ಅಂಗಳದಲ್ಲಿ ಹದಿನಾಲ್ಕೇ ಜನ ಓಡುತ್ತಾರೆ ಎಂಬುದನ್ನು ಗಮನಿಸಿದರೆ ಸಾಕು. ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ ಅನ್ನು ನೆನಪಿಸಿಕೊಳ್ಳಿ. ಅರ್ಧ ಆಟಕ್ಕೆ ಫ್ರಾನ್ಸ್ 7, ಫಿಜಿ 7. ವಿರಾಮದ ನಂತರ ಫ್ರಾನ್ಸ್‌ನ ಆಂತ್ವಾನ್ ದ್ಯುಪೋಂ ಒಳಗೆ ಬಂದ, ಗೆರೆಯಂಚಿನಲ್ಲಿ ಎಡಗಡೆಯಿಂದ ಸೀಳಿಕೊಂಡು ಓಡಿ ಜೊತೆಗಾರನ ಕೈಗೆ ಚೆಂಡು ಕೊಟ್ಟ, ಟ್ರೈ. ಆಮೇಲೆ ತಾನೇ ಎರಡು ಟ್ರೈ ಗಳಿಸಿದ. 28–7. ಒಲಿಂಪಿಕ್ಸ್‌ನಲ್ಲಿ ಅದುವರೆಗೆ ಒಂದೂ ಪಂದ್ಯ ಸೋಲದ ಫಿಜಿಯ ಕತೆ ಮುಗಿಯಲು ಏಳು ನಿಮಿಷ ಸಾಕಾಯಿತು.

ಇದನ್ನೆಲ್ಲ ಅಂದೇ ಅವನಿಗೆ ವಿವರಿಸಿದ್ದೆ. ತಲೆಯಾಡಿಸಿದ. ಆಗಸ್ಟ್‌ನಲ್ಲಿ ಅವನಿಂದಲೇ ಒಂದು ವಾಟ್ಸ್‌ಆ್ಯಪ್ ಫಾರ್ವರ್ಡ್ ಬಂತು: ‘ರಗ್ಬಿಯಲ್ಲಿ ಭಾರತದ ಹೆಣ್ಣುಮಕ್ಕಳು ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ! ಹೆಮ್ಮೆಯಿಂದ ಶೇರ್ ಮಾಡಿ.’ ಜೊತೆಗೊಂದು ಫೋಟೊ. ಅದರಲ್ಲಿದ್ದವರು ಹೆಲ್ಮೆಟ್ ಧರಿಸಿ, ಭುಜಕ್ಕೆ ದಿಂಬಿನಂಥ ಪ್ಯಾಡ್ ಕಟ್ಟಿಕೊಂಡ ಅಮೆರಿಕನ್ ಫುಟ್‌ಬಾಲ್‌ನ ಗಂಡಸರು. ನಿಜ ಸಂಗತಿಯೆಂದರೆ ಬಿಹಾರದ ರಾಜಗೀರ್‌ನಲ್ಲಿ ನಡೆದ ಏಷ್ಯಾ 20 ವರ್ಷದೊಳಗಿನವರ ಸೆವೆನ್ಸ್‌ನಲ್ಲಿ ನಮ್ಮ ಹುಡುಗಿಯರು ಕಂಚು ಗೆದ್ದಿದ್ದರು. ಒಳ್ಳೆಯ ಸುದ್ದಿ, ಇದ್ದ ಹಾಗೇ ಹೇಳಿದರೂ ಎದೆ ಉಬ್ಬುವ ಸುದ್ದಿ. ಆ ಹುಡುಗಿಯರ ಹೆಸರು ಒಂದಾದರೂ ಆ ಫಾರ್ವರ್ಡಿನಲ್ಲಿರಲಿಲ್ಲ. ಇಲ್ಲದ ಟಿಕೆಟ್ ಮಾತ್ರ ಇತ್ತು. ಕಂಚು ನಮಗೆ ಸಾಲುವುದಿಲ್ಲ, ಅದಕ್ಕೊಂದು ಒಲಿಂಪಿಕ್ಸ್ ಬಾಲ ಕಟ್ಟಬೇಕು. ನಾಳೆ ಅವರು ಹಿರಿಯರ ತಂಡಕ್ಕೆ ಬಂದು, ಏಷ್ಯಾದ ಅರ್ಹತಾ ಟೂರ್ನಿಯಲ್ಲಿ ಜಪಾನಿಗೋ ಚೀನಾಕ್ಕೋ ಸೋತರೆ, ಇದೇ ಜನ ‘ಟಿಕೆಟ್ ಇದ್ದದ್ದನ್ನು ಕಳಕೊಂಡರು’ ಎಂದು ಬೈಯುತ್ತಾರೆ. ಬೇಳೆ ಕೊಳ್ಳುವಾಗ ನಾಲ್ಕು ಅಂಗಡಿ ವಿಚಾರಿಸುವವರು ಇಂಥದ್ದನ್ನು ಫಾರ್ವರ್ಡ್ ಮಾಡುವ ಮುನ್ನ ಒಂದು ಅರೆಗಳಿಗೆಯೂ ಯೋಚಿಸುವುದಿಲ್ಲ.

ಫೋನ್ ಮಾಡಿದೆ. ‘ಅಲ್ಲ ಕಣೋ, ಫೋಟೊನಾದ್ರೂ ನೋಡಬಾರದಾ?’ ಅಂದೆ. ನಕ್ಕ. ಅಳಿಸಿಬಿಡುತ್ತೇನೆ ಅಂದ. ಈಗ ಎಲ್ಲ ಅರ್ಥವಾಯಿತು, ಕಪ್ಪು ಬೇರೆ ಟಿಕೆಟ್ಟು ಬೇರೆ, ಒಂದೊಂದು ಬಾಗಿಲಿಗೂ ಬೇರೆ ಬೇರೆ ಬೀಗ ಎಂದು ನನ್ನ ಮಾತನ್ನೇ ನನಗೆ ಒಪ್ಪಿಸಿದ. ಸಮಾಧಾನವಾಯಿತು. ಮಾತು ಹಾಗೇ 2028ರ ಕ್ರಿಕೆಟ್ ಕಡೆ ಹೋಯಿತು. ಲಾಸ್ ಏಂಜಲೀಸ್‌ನಲ್ಲಿ ಟಿ20 ಇದೆ, ಪುರುಷರಲ್ಲಿ ಆರೇ ತಂಡ, ಮಹಿಳೆಯರಲ್ಲೂ ಆರೇ ಎಂದು ನಾನೇ ಹೇಳಿದೆ.

‘ಆರರಲ್ಲಿ ನಾವಂತೂ ಇದ್ದೇ ಇರ್ತೀವಲ್ಲ ಭಾವ’ ಅಂದ. ‘2024ರ ವರ್ಲ್ಡ್ ಕಪ್ ನಮ್ದೇ ಅಲ್ವಾ?’