ಸ್ಮರಣಶಕ್ತಿಯ ಸೋಜಿಗ

ಅಮೆರಿಕೆಯ ಸಾಲ್ಟ್ ಲೇಕ್ ಸಿಟಿಯಲ್ಲಿ 1951ರಲ್ಲಿ ಜನಿಸಿದ ಕಿಮ್ ಪೀಕ್ ಎಂಬವರಿಗೆ ಸಹಸ್ರಾರು ಗ್ರಂಥಗಳು ಕಂಠಸ್ಥವಾಗಿದ್ದುವು. ಅಂಗಿಯ ಗುಂಡಿ ಹಾಕಿಕೊಳ್ಳುವುದು ಮಾತ್ರ ಅವರಿಗೆ ಅಸಾಧ್ಯವಾಗಿದ್ದಿತು. ಮೆದುಳಿನ ಎರಡು ಪಾರ್ಶ್ವಗಳನ್ನು ಬೆಸೆಯುವ, ಸುಮಾರು 20 ಕೋಟಿ ನರತಂತುಗಳ ಸೇತುವೆಯು ಅವರಲ್ಲಿ ಹುಟ್ಟಿನಿಂದಲೇ ಇರಲಿಲ್ಲ. ಸಾಮಾನ್ಯರ ಮೆದುಳು ಕಂಡುದರ ಸಾರವನ್ನು ಹಿಡಿದು ವಿವರಗಳನ್ನು ಕೈಬಿಡುವುದು. ಎಡ ಪಾರ್ಶ್ವದ ಈ ಆಳ್ವಿಕೆಯು ಸಡಿಲಿದಲ್ಲಿ ವಿವರಗಳೆಲ್ಲವೂ ಅಳಿಯದೆ ನಿಲ್ಲುವುವೆಂದು ಕೆಲವು ಪಂಡಿತರ ಊಹೆ. ಆದರೆ ಆ ಸೇತುವೆಯಿಲ್ಲದೆ ಹುಟ್ಟಿದ ಬಹುಮಂದಿಗೆ ಇಂತಹ ಶಕ್ತಿಯು ಬಂದಿಲ್ಲ. ಆದುದರಿಂದ ಇದನ್ನು ಸಿದ್ಧಾಂತವೆನ್ನಲಾಗದು.

ನಮ್ಮ ಮನಸ್ಸನ್ನು ಕಲಕಿದುದು ಬೇರೊಂದು ಸಂಗತಿ. ಈ ಶಿಶುವನ್ನು ಮನೆಯಲ್ಲಿಟ್ಟುಕೊಳ್ಳದೆ ಪೋಷಣಾಲಯಕ್ಕೆ ಒಪ್ಪಿಸಿರೆಂದು ವೈದ್ಯರು ಹೇಳಿದ್ದರು. ಹೆತ್ತವರು ಒಪ್ಪಲಿಲ್ಲ. ಒಪ್ಪಿದ್ದರೆ, 2009ರಲ್ಲಿ ಗತಿಸಿದ ಆ ಅಸಾಧಾರಣ ವ್ಯಕ್ತಿಯ ಹೆಸರು ಕೂಡ ಲೋಕಕ್ಕೆ ತಿಳಿಯುತ್ತಿರಲಿಲ್ಲ.

ಆದರೂ ಇಷ್ಟಕ್ಕೇ ತೃಪ್ತರಾಗುವುದು ಸಲ್ಲದು. ಇಂತಹ ಶಕ್ತಿಯು ಅತಿ ವಿರಳ. ಮಂದಗತಿಯ ಮಗುವಿನಲ್ಲಿ ನಿಧಿಯನ್ನು ಹುಡುಕಿ, ಸಿಕ್ಕಿದರೆ ಮೆರೆಯಿಸಿ, ಸಿಕ್ಕದಿದ್ದರೆ ಮೂಲೆಗೆ ತಳ್ಳುವುದು ನ್ಯಾಯವೇ? ಪೀಕರ ತಂದೆಯು ಮಗನನ್ನು ಮನೆಯಲ್ಲುಳಿಸಿಕೊಂಡುದು ಅವನ ಸ್ಮರಣಶಕ್ತಿಯನ್ನು ಕಂಡಲ್ಲ, ಅವನು ಮಗನೆಂದು. ಪಾಠಶಾಲೆಗಳನ್ನು ನಡೆಯಿಸುವವರೂ ಅಧಿಕಾರಿಗಳೂ ಮನಗಾಣಬೇಕಾದುದು ಇದನ್ನೇ.