ಅರ್ಧ ಒಳಗೆ, ಅರ್ಧ ಹೊರಗೆ

ಹೊಲದ ಗಡಿ, ನದಿಯ ಹರಿವು, ಬಸ್ ನಿಲ್ದಾಣದ ಜಾಗ ಇವನ್ನೆಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ನಕ್ಷೆಯ ಆಕಾರವಾಗಿಯೇ ಇಡಲು ಪೋಸ್ಟ್‌ಜಿಐಎಸ್ ಎಂಬ ಎಕ್ಸ್‌ಟೆನ್ಶನ್ ಬೇಕು. ಅದನ್ನು ಒಂದೇ ವಸ್ತು ಎಂದುಕೊಳ್ಳುವುದರಿಂದಲೇ ಸರ್ವರ್ ಅಪ್‌ಗ್ರೇಡ್ ವೇಳೆ ಎಡವಟ್ಟಾಗುತ್ತದೆ. ನಿಜಕ್ಕೂ ಅದು ಎರಡು ತುಂಡು. ‘ಈ ಫಂಕ್ಷನ್ ಕರೆದರೆ ಆ ಫೈಲಿನ ಕೋಡ್ ಓಡಿಸು’ ಎಂಬ ದಾಖಲೆ ಡೇಟಾಬೇಸಿನ ಒಳಗಿದೆ. ಕಂಪೈಲ್ ಆದ ಆ ಫೈಲು ಹೊರಗೆ, ಸರ್ವರ್ ತಂತ್ರಾಂಶದ ಫೋಲ್ಡರಿನಲ್ಲಿದೆ. ಪೋಸ್ಟ್‌ಗ್ರೆಸ್ಸಿನ ಅಪ್‌ಗ್ರೇಡ್ ಸಾಧನವಾದ ಪಿಜಿ_ಅಪ್‌ಗ್ರೇಡ್ ಬಳಸಿದಾಗ ದಾಖಲೆ ದತ್ತಾಂಶದ ಜೊತೆಗೇ ಸಾಗುತ್ತದೆ, ಫೈಲು ಸಾಗುವುದಿಲ್ಲ. ಆದ್ದರಿಂದ ಹೊಸ ಸರ್ವರಿಗೆ ಮೊದಲು ಫೈಲನ್ನಷ್ಟೇ ಇನ್‌ಸ್ಟಾಲ್ ಮಾಡಬೇಕು. ಒಳಗೆ ಹೊಸ ದಾಖಲೆ ಸೃಷ್ಟಿಸುವ ‘ಕ್ರಿಯೇಟ್ ಎಕ್ಸ್‌ಟೆನ್ಶನ್’ ಆದೇಶ ಕೊಡಲೇಬಾರದು.

ಹಳೆಯ ಫೈಲನ್ನೇ ನಕಲು ಮಾಡಿದರೆ ಸಾಲದೇ? ಸಾಲದು. ಪೋಸ್ಟ್‌ಗ್ರೆಸ್ಸಿನ 2006ರ 8.2 ಆವೃತ್ತಿಯಿಂದೀಚೆಗೆ ಇಂಥ ಪ್ರತಿ ಫೈಲಿನಲ್ಲೂ ಅದು ಯಾವ ಪ್ರಮುಖ ಆವೃತ್ತಿಗಾಗಿ ಕಂಪೈಲ್ ಆದದ್ದು ಎಂಬ ಗುರುತಿರುತ್ತದೆ. ಹೊಂದದಿದ್ದರೆ ಸರ್ವರ್ ಅದನ್ನು ಲೋಡ್ ಮಾಡಲು ಒಪ್ಪುವುದಿಲ್ಲ. ಆವೃತ್ತಿ ಬದಲಾದಾಗ ಮೆಮೊರಿಯೊಳಗಿನ ರಚನೆಗಳೂ ಬದಲಾಗುತ್ತವೆ, ಹಳೆಯ ಕೋಡ್ ತಪ್ಪು ಜಾಗದಲ್ಲಿ ಕೈಹಾಕೀತು. ದಾಖಲೆಯ ವಿಷಯ ಇದಕ್ಕೆ ತದ್ವಿರುದ್ಧ, ಅಲ್ಲಿ ಹಳೆಯದೇ ಬೇಕು. ಪ್ರತಿ ದತ್ತಾಂಶ ಬಗೆಗೂ ಡೇಟಾಬೇಸ್ ಒಂದು ಸಂಖ್ಯೆ ಕೊಟ್ಟಿರುತ್ತದೆ, ಡಿಸ್ಕಿನಲ್ಲಿರುವ ಅರೇಗಳೊಳಗೆ ಆ ಸಂಖ್ಯೆಯೇ ಬರೆದಿರುತ್ತದೆ. ಎಕ್ಸ್‌ಟೆನ್ಶನ್ ಹೊಸದಾಗಿ ಸೃಷ್ಟಿಸಿದರೆ ಹೊಸ ಸಂಖ್ಯೆ ಹುಟ್ಟುತ್ತದೆ, ಡಿಸ್ಕಿನಲ್ಲಿರುವುದು ಹಳೆಯದಾಗಿಯೇ ಉಳಿಯುತ್ತದೆ.

ಎಕ್ಸ್‌ಟೆನ್ಶನ್ ತೆಗೆದುಹಾಕಿ, ಅಪ್‌ಗ್ರೇಡ್ ಮುಗಿಸಿ, ಮತ್ತೆ ಸೇರಿಸೋಣ ಎನ್ನುವವರಿದ್ದಾರೆ. ಕೇಳಲು ಸರಳ, ಆದರೆ ಇದರಷ್ಟು ಅಪಾಯದ ದಾರಿ ಬೇರೆ ಇಲ್ಲ. ಬಳಕೆಯಲ್ಲಿರುವ ಪೋಸ್ಟ್‌ಜಿಐಎಸ್ ತೆಗೆಯಲು ಹೋದರೆ ಸರ್ವರ್ ತಡೆಯುತ್ತದೆ. ‘ಕ್ಯಾಸ್ಕೇಡ್’ ಸೇರಿಸಿ ಬಲವಂತ ಮಾಡಿದರೆ ಆಕಾರಗಳಿದ್ದ ಕಾಲಮ್ಮುಗಳೇ ಅಳಿಸಿಹೋಗುತ್ತವೆ. ಡಂಪ್ ತೆಗೆದು ಮರುತುಂಬುವ ವಾದ ಹೆಚ್ಚು ಗಟ್ಟಿ: ಅಲ್ಲಿ ದತ್ತಾಂಶವನ್ನೇ ಹೊಸದಾಗಿ ಬರೆಯುವುದರಿಂದ ಸಂಖ್ಯೆಯ ತೊಡಕಿಲ್ಲ. ಆದರೂ ಹೊಸ ಫೈಲು ಬೇಕೇ ಬೇಕು, ದೊಡ್ಡ ಡೇಟಾಬೇಸಾದರೆ ಗಂಟೆಗಟ್ಟಲೆ ಸೇವೆ ನಿಲ್ಲಿಸಬೇಕು.

ಪಿಜಿ_ಅಪ್‌ಗ್ರೇಡನ್ನು ‘ಚೆಕ್’ ಆಯ್ಕೆಯೊಂದಿಗೆ ಓಡಿಸಿದರೆ ದತ್ತಾಂಶ ಮುಟ್ಟದೆಯೇ ಕಾಣೆಯಾದ ಫೈಲುಗಳ ಪಟ್ಟಿ ಕೈಗೆ ಸಿಗುತ್ತದೆ. ಅದರಲ್ಲಿ ‘ಪೋಸ್ಟ್‌ಜಿಐಎಸ್-2.5’ ಎಂಬ ಹೆಸರಿದ್ದರೆ ಕಾರಣ ಸ್ಪಷ್ಟ: 2019ರ 3.0 ಆವೃತ್ತಿಯಿಂದ ಫೈಲಿನ ಹೆಸರು ಬರೀ ‘ಪೋಸ್ಟ್‌ಜಿಐಎಸ್-3’ ಆಗಿದೆ, ಒಳಗಿನ ದಾಖಲೆ ಮಾತ್ರ ಹಳೆಯ ಹೆಸರನ್ನೇ ಕೇಳುತ್ತಿದೆ. ಆಗ ಹಳೆಯ ಸರ್ವರಿನಲ್ಲೇ ಮೊದಲು ಎಕ್ಸ್‌ಟೆನ್ಶನ್ನನ್ನು 3ಕ್ಕೆ ಏರಿಸಿ, ‘ಚೆಕ್’ ಇನ್ನೊಮ್ಮೆ ಓಡಿಸಿ, ಪಟ್ಟಿ ಖಾಲಿಯಾದ ಮೇಲೆಯೇ ಸರ್ವರಿಗೆ ಕೈಹಚ್ಚಬೇಕು.