ದಂಡಿನ ಹೊರೆ ಹೊತ್ತ ನಮ್ಮ ಸೀಮೆಯ ಎತ್ತುಗಳು

ಯುದ್ಧವೆಂದೊಡನೆ ನಮ್ಮ ಬಾಲಿಕೆಯರ ಮನಸ್ಸಿಗೆ ಕತ್ತಿ ಕೋವಿಗಳು ತೋರುವುವೇ ಹೊರತು ಅಕ್ಕಿಯ ಮೂಟೆಯು ತೋರುವುದಿಲ್ಲ. ಆದರೆ ಹಿಂದಿನಿಂದ ಹೊರೆಯು ಬಾರದಿದ್ದರೆ ಎಂಥ ದಂಡಾದರೂ ನಿಲ್ಲಲಾರದು. 1954ರಲ್ಲಿ ವಿಯೆಟ್ನಾಂ ದೇಶದ ದಿಯೆನ್ ಬಿಯೆನ್ ಫು ಎಂಬಲ್ಲಿ ಫ್ರೆಂಚರು ಸೋತರಷ್ಟೆ. ಅಲ್ಲಿ ಸಾವಿರಾರು ಮಂದಿ ಬೈಸಿಕಲ್ಲುಗಳ ಮೇಲೆ ತಲಾ ಸುಮಾರು 200 ಕಿಲೋ ಭಾರವನ್ನು ಹೇರಿ, ಹಿಡಿಗೆ ಬಿದಿರುಗೋಲನ್ನು ಕಟ್ಟಿ, ಕಾಡುಬೆಟ್ಟಗಳ ದಾರಿಯಲ್ಲಿ ನಡೆದೇ ತಳ್ಳಿಕೊಂಡು ಹೋದರು.

ನಮ್ಮ ನಾಡಿನಲ್ಲಿ ಇಂಥ ಕೆಲಸವನ್ನು ಮಾಡಿದವು ಅಮೃತಮಹಲ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎನಿಸಿಕೊಂಡಿದ್ದ ಈ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನನು. ಹೈದರಾಲಿಯು ಇವುಗಳನ್ನು ಫಿರಂಗಿ ಎಳೆಯುವುದಕ್ಕೂ ಸಾಮಾನು ಸಾಗಿಸುವುದಕ್ಕೂ ಹೂಡಿದನು. 1781ರಲ್ಲಿ ಅವನು ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದು ಚಿದಂಬರದ ರಕ್ಷಣೆಗೆ ಹೋದುದು ಇವುಗಳ ಬಲದಿಂದಲೇ ಎಂದು ಚರಿತ್ರಕಾರರು ಬರೆದಿರುವರು. 1799ರ ತರುವಾಯ ಇವು ಆಂಗ್ಲರ ವಶವಾದವು. ಮುಂದೆ ಸ್ಪೇಯಿನಿನಲ್ಲಿ ಕಾದಾಡುತ್ತಿದ್ದ ವೆಲಿಂಗ್ಟನ್ನನು ಇಂಥ ಎತ್ತುಗಳು ತನಗಿಲ್ಲವಲ್ಲಾ ಎಂದು ಹಂಬಲಿಸಿದನಂತೆ.

ಈ ವೇಗಕ್ಕೆ ಕಾರಣವೇನು? ಹುಲ್ಲು, ಮತ್ತು ಗೊಲ್ಲರ ತಾಳ್ಮೆ. ಮಳೆಗೊಂದು, ಚಳಿಗೊಂದು, ಬೇಸಗೆಗೊಂದು ಎಂದು ಕಾವಲುಗಳನ್ನು ಮೀಸಲಿಟ್ಟು, ಮಂದೆಗಳನ್ನು ಒಂದರಿಂದೊಂದಕ್ಕೆ ನಡೆಯಿಸುತ್ತಿದ್ದರು. ಹೀಗೆ ಬಯಲಿನಲ್ಲಿ ಬಹುಮಟ್ಟಿಗೆ ಕಾಡುಪ್ರಾಣಿಗಳಂತೆ ಬೆಳೆದ ಹೋರಿಗಳನ್ನು ಹಿಡಿದು ಪಳಗಿಸಿ ನೊಗಕ್ಕೆ ಹೂಡುವುದರೊಳಗೆ ವರುಷಗಳೇ ಕಳೆಯುತ್ತಿದ್ದವು. ಚಳ್ಳಕೆರೆಯ ಕುದಾಪುರ, ದೊಡ್ಡ ಉಳ್ಳಾರ್ತಿಗಳ ಬಯಲುಗಳು ಅಮೃತಮಹಲ್ ಕಾವಲುಗಳೇ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳನ್ನು ಇಂದಿಗೂ ಕಾಣಬಹುದು. ಅವರ ವಿದ್ಯೆಯು ಪುಸ್ತಕದಲ್ಲಿಲ್ಲ. ತಂದೆಯಿಂದ ಮಗನಿಗೆ ಬರುವುದು.

1860ರಲ್ಲಿ ಖರ್ಚು ಹೆಚ್ಚೆಂದು ಸರಕಾರವು ಮಂದೆಗಳನ್ನು ಮಾರಿಬಿಟ್ಟಿತು. ಕೆಲವೇ ವರುಷಗಳಲ್ಲಿ ದಂಡಿಗೆ ತಕ್ಕ ಎತ್ತುಗಳು ದೊರೆಯದೆ, ಚದರಿಹೋದ ತಳಿಯನ್ನು ಮತ್ತೆ ಹುಡುಕಿ ಕೊಂಡು ಇಲಾಖೆಯನ್ನು ಪುನಃ ಕಟ್ಟಬೇಕಾಯಿತು. ಮಾರುವುದು ಸುಲಭ, ಕೂಡಿಸುವುದು ಕಷ್ಟ ಎಂಬುದು ಆಗ ತಿಳಿಯಿತು.

ಈಚಿನ ವರುಷಗಳಲ್ಲಿ ಚಳ್ಳಕೆರೆಯ ಕಾವಲುಗಳ ದೊಡ್ಡ ಭಾಗಗಳು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕೊಡಲ್ಪಟ್ಟಿವೆ. 2017ರಲ್ಲಿ ಅಲ್ಲಿ ಪೈಲಟ್ಟಿಲ್ಲದ ವಿಮಾನಗಳನ್ನು ಪರೀಕ್ಷಿಸುವ ಕ್ಷೇತ್ರವು ಆರಂಭವಾಯಿತು. ವಿದ್ಯೆಯು ಬೆಳೆಯಲಿ, ಅದಕ್ಕೆ ನಾವು ಅಡ್ಡಿಯಲ್ಲ. ಆದರೆ ಆ ಹುಲ್ಲನ್ನೇ ನಂಬಿ ಕುರಿದನಗಳನ್ನು ಸಾಕುವ ಮನೆಗಳು ಸುತ್ತಲೂ ಇವೆ; ಅಂಥ ಮನೆಗಳಿಂದಲೂ ಹುಡುಗಿಯರು ಓದಲು ಬರುತ್ತಾರೆ. ಹೊರೆ ಹೊತ್ತವರನ್ನು ಮರೆಯುವುದು ಲೋಕದ ಹಳೆಯ ತಪ್ಪು. ನಮ್ಮಲ್ಲಿ ಓದಿದವರಾದರೂ ಅದನ್ನು ಮಾಡದಿರಲಿ.